ಲಗಾಮು ಯಾರ ಕೈಯಲ್ಲಿ?

ಚರ್ಚ್‌ಗೇಟಿನಲ್ಲಿ ಇಳಿದು ಟ್ಯಾಕ್ಸಿಯವನಿಗೆ ‘ಏಳನೆಯ ಎಡ್ವರ್ಡ್ ಪ್ರತಿಮೆ ಇದ್ದ ಜಾಗಕ್ಕೆ ಬಿಡಪ್ಪಾ’ ಎಂದರೆ ಅವನು ನಿಮ್ಮ ಮುಖವನ್ನೇ ನೋಡುತ್ತಾನೆ. ‘ಕಾಲಾ ಘೋಡಾ’ ಎಂದರೆ ಮರುಮಾತಿಲ್ಲದೆ ಗಾಡಿ ಹೊರಡುತ್ತದೆ. ಈ ಊರಿನ ಹೆಸರುಗಳಲ್ಲೆಲ್ಲ ನನಗೆ ಇದರಷ್ಟು ಇಷ್ಟವಾದದ್ದು ಬೇರೊಂದಿಲ್ಲ. ಒಬ್ಬ ರಾಜಕುಮಾರನನ್ನು ಕುದುರೆಯ ಮೇಲೆ ಕೂರಿಸಿ, ಎತ್ತರದ ಕಟ್ಟೆಯ ಮೇಲೆ ನಿಲ್ಲಿಸಿ, ನಡುರಸ್ತೆಯಲ್ಲಿ ಎಲ್ಲರಿಗೂ ಕಾಣುವಂತೆ ಮಾಡಿದರು. ಊರವರು ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ನೋಡಿದರು. ನೋಡಿ ಹೆಸರಿಟ್ಟದ್ದು ಮಾತ್ರ ಕುದುರೆಗೆ.

ಆ ರಾಜಕುಮಾರ ಮುಂಬಯಿಗೆ ಬಂದದ್ದು 1875ರ ನವೆಂಬರ್‌ನಲ್ಲಿ. ಬಂದಿಳಿದ ಮರುದಿನವೇ ಅವರ 34ನೆಯ ಹುಟ್ಟುಹಬ್ಬ. ಆ ಭೇಟಿಯ ನೆನಪಿಗೆ ಪ್ರತಿಮೆ ಮಾಡಿಸಿಕೊಟ್ಟವರು ಬಗ್ದಾದ್ ಮೂಲದ ಯಹೂದಿ ವ್ಯಾಪಾರಿ ಮನೆತನದ ಆಲ್ಬರ್ಟ್ ಅಬ್ದುಲ್ಲಾ ಡೇವಿಡ್ ಸಸೂನ್. ಅಫೀಮು, ಹತ್ತಿ ಎರಡರ ವ್ಯಾಪಾರದಲ್ಲೂ ಆ ಮನೆತನದ್ದು ದೊಡ್ಡ ಹೆಸರು. ಅವರ ತಂದೆಯ ಹೆಸರಿನ ಡೇವಿಡ್ ಸಸೂನ್ ಗ್ರಂಥಾಲಯ ಇವತ್ತಿಗೂ ಅಲ್ಲೇ ಇದೆ. ಶಿಲ್ಪಿ ಜೋಸೆಫ್ ಎಡ್ಗರ್ ಬೋಮ್. ಪ್ರತಿಮೆ ಅನಾವರಣಗೊಂಡದ್ದು 1879ರಲ್ಲಿ. 1965ರಲ್ಲಿ ಅದನ್ನು ಅಲ್ಲಿಂದ ತೆಗೆದು ಬೈಕುಲ್ಲಾದ ರಾಣಿಬಾಗಿಗೆ, ಅಂದರೆ ಈಗಿನ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನಕ್ಕೆ ಸಾಗಿಸಿದರು. ಕುದುರೆ ಹೋಯಿತು, ಹೆಸರು ಉಳಿಯಿತು. ಅದೇ ಹೆಸರಿನಲ್ಲಿ 1999ರಿಂದ ಕಲಾ ಉತ್ಸವವೂ ನಡೆಯುತ್ತಿದೆ.

ಕಾರ್ಕಳದ ಕಡೆಯಿಂದ ಹುಡುಗನಾಗಿ ಬಂದು, ಹಗಲು ಫೋರ್ಟಿನ ಕ್ಯಾಂಟೀನಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರೊಬ್ಬರು ನನಗೆ ಪರಿಚಿತರು. 1960ರ ಆಸುಪಾಸಿನಲ್ಲಿ ಚಹಾದ ಕಿಟ್ಲಿ ಹಿಡಿದು ಆ ಪ್ರತಿಮೆಯ ಪಕ್ಕದಲ್ಲೇ ದಿನಕ್ಕೆ ಹತ್ತು ಸಲ ಓಡಾಡಿದವರು. ಮೇಲೆ ಕೂತಿದ್ದ ರಾಜ ಹೇಗಿದ್ದ ಎಂದು ಒಮ್ಮೆ ಕೇಳಿದೆ. ‘ರಾಜ ಯಾರು ಅಂತ ನಮಗೆಂತ ಗೊತ್ತು ಮಾರಾಯ್ರೆ? ಕತ್ತೆತ್ತಿ ನೋಡ್ಲಿಕ್ಕೆ ಪುರುಸೊತ್ತು ಇರ್ಬೇಕಲ್ಲ. ಕಣ್ಣಿಗೆ ಬೀಳ್ತಿದ್ದದ್ದು ಕುದುರೆಯ ಹೊಟ್ಟೆ ಮತ್ತೆ ಕಾಲು’ ಎಂದರು.

ಕಲಾವಿಮರ್ಶೆಯ ಪುಸ್ತಕಗಳಲ್ಲಿ ಓದಿದ್ದಕ್ಕಿಂತ ಈ ಮಾತು ನನ್ನೊಳಗೆ ಹೆಚ್ಚು ಕಾಲ ಉಳಿಯಿತು. ಅಶ್ವಾರೂಢ ಪ್ರತಿಮೆ ಮಾಡುವವರು ನಮ್ಮ ಕಣ್ಣು ನೆಟ್ಟಗೆ ಸವಾರನ ಮುಖಕ್ಕೆ ಹೋಗಲಿ ಎಂದೇ ಅಷ್ಟೆಲ್ಲ ಕಷ್ಟಪಡುತ್ತಾರೆ. ಕೆಳಗೆ ನಡೆದು ಹೋಗುವವನಿಗೆ ಕಾಣುವುದು ಬೇರೆಯೇ. ಕ್ರಿಯೆ ಎಲ್ಲ ಕುದುರೆಯದು, ಕೀರ್ತಿ ಎಲ್ಲ ಸವಾರನದು. ಈ ಎರಡರ ನಡುವೆ ಇರುವುದು ಒಂದು ತೆಳ್ಳನೆಯ ಚರ್ಮದ ಪಟ್ಟಿ, ಲಗಾಮು. ಇಂಥ ಪ್ರತಿಮೆಗಳನ್ನು ನೋಡುವಾಗ ನಾನು ಮೊದಲು ಹುಡುಕುವುದು ಅದನ್ನೇ.

ಯುರೋಪಿನಲ್ಲಿ ಈ ಪರಂಪರೆಗೆ ಮೂಲಮಾದರಿ ರೋಮ್‌ನ ಮಾರ್ಕಸ್ ಅರೇಲಿಯಸ್ ಪ್ರತಿಮೆ. ಎರಡನೆಯ ಶತಮಾನದ ಕಂಚು. ಆ ಕಾಲದ ಬೇರೆ ಕಂಚಿನ ಕುದುರೆಗಳನ್ನೆಲ್ಲ ಆಮೇಲಿನವರು ಕರಗಿಸಿಬಿಟ್ಟರು. ಇದನ್ನು ಕ್ರೈಸ್ತರ ಮೊದಲ ಚಕ್ರವರ್ತಿ ಕಾನ್‌ಸ್ಟಂಟೈನ್ ಎಂದು ತಪ್ಪು ತಿಳಿದುಕೊಂಡದ್ದರಿಂದ ಉಳಿಯಿತು. ಚಕ್ರವರ್ತಿಯ ಮೈಮೇಲೆ ಕವಚವಿಲ್ಲ, ಕೈಯಲ್ಲಿ ಆಯುಧವಿಲ್ಲ. ಬಲಗೈ ಮುಂದಕ್ಕೆ ಚಾಚಿದೆ, ಅಷ್ಟೆ. ಕುದುರೆ ಒಂದು ಮುಂಗಾಲೆತ್ತಿ ಮೂಗು ಅರಳಿಸಿ ನಡೆಯುತ್ತಿದೆ. ಲಗಾಮು ಕಾಲಾಂತರದಲ್ಲಿ ಕಳೆದುಹೋಗಿದೆ. ಹಾಗಾಗಿ ಇಂದು ನೋಡುವವರಿಗೆ, ಆ ಬಲಿಷ್ಠ ಪ್ರಾಣಿ ಬರೀ ಅವನ ಇಚ್ಛೆಯಿಂದಲೇ ನಡೆಯುತ್ತಿದೆಯೇನೋ ಅನ್ನಿಸುತ್ತದೆ. ಮುಂದಿನ ಕಲಾವಿದರೆಲ್ಲ ಬೆನ್ನು ಹತ್ತಿದ್ದು ಈ ಭಾವವನ್ನೇ. ಸವಾರ ಏನೂ ಮಾಡುತ್ತಿರಬಾರದು, ಆದರೂ ಎಲ್ಲ ಅವನಿಂದಲೇ ಆಗುತ್ತಿರಬೇಕು. ಬಲ ಪ್ರಯೋಗಿಸುತ್ತಿರುವವನನ್ನು ತೋರಿಸಿದರೆ ಅದು ಜಗಳದ ಚಿತ್ರವಾಗುತ್ತದೆ. ಪ್ರಯೋಗಿಸುವ ಅಗತ್ಯವೇ ಬೀಳದವನನ್ನು ತೋರಿಸಿದರೆ ಅಧಿಕಾರದ ಚಿತ್ರವಾಗುತ್ತದೆ. ಆಫೀಸುಗಳಲ್ಲಿ ದುಡಿಯುವ ನಮಗೆ ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಈ ನಡುವೆ ಒಂದು ವಾಟ್ಸ್ಯಾಪ್ ಸಂದೇಶ ವರ್ಷಕ್ಕೆರಡು ಸಲವಾದರೂ ಸುತ್ತಿ ಬರುತ್ತದೆ. ಕುದುರೆಯ ಎರಡೂ ಮುಂಗಾಲು ಮೇಲಿದ್ದರೆ ಸವಾರ ಯುದ್ಧದಲ್ಲಿ ಮಡಿದವನು, ಒಂದು ಕಾಲು ಮೇಲಿದ್ದರೆ ಗಾಯದಿಂದ ಸತ್ತವನು, ನಾಲ್ಕೂ ನೆಲದ ಮೇಲಿದ್ದರೆ ಸಹಜ ಸಾವು ಎಂದು. ಓದಲು ಚೆಂದ, ಆದರೆ ಅಂಥ ನಿಯಮ ಎಲ್ಲೂ ಇಲ್ಲ. ಪಡುವಾದಲ್ಲಿ ದೊನಾತೆಲ್ಲೊ ಮಾಡಿದ ಗತ್ತಮೆಲಾತಾನ ಕುದುರೆ ಒಂದು ಗೊರಸನ್ನೆತ್ತಿ ಚೆಂಡಿನ ಮೇಲೆ ಇಟ್ಟಿದೆ. ಆ ದಂಡನಾಯಕ ಸತ್ತದ್ದು ಕಾಯಿಲೆಯಿಂದ. ಸ್ಪೇನಿನ ನಾಲ್ಕನೆಯ ಫಿಲಿಪ್‌ನ ಪ್ರತಿಮೆಯಲ್ಲಿ ಕುದುರೆಯ ಎರಡೂ ಮುಂಗಾಲು ಗಾಳಿಯಲ್ಲಿವೆ. ಅದು ಸಿದ್ಧವಾದದ್ದು 1640ರಲ್ಲಿ, ಅವನು ತೀರಿಕೊಂಡದ್ದು 1665ರಲ್ಲಿ. ನಮ್ಮ ಶಿವಾಜಿ ಮಹಾರಾಜರು 1680ರಲ್ಲಿ ರಾಯಗಡದಲ್ಲಿ ಅನಾರೋಗ್ಯದಿಂದ ಕಾಲವಾದರು. ಆದರೆ ಮುಂಗಾಲೆತ್ತಿದ ಕುದುರೆಯ ಮೇಲೆ ಅವರನ್ನು ಕೂರಿಸಿದ ಪ್ರತಿಮೆಗಳು ಮಹಾರಾಷ್ಟ್ರದ ಊರೂರಲ್ಲಿವೆ. ಕುದುರೆಯ ಕಾಲು ಸಾವಿನ ಕತೆ ಹೇಳುವುದಿಲ್ಲ. ಮಾಡಿಸಿದವರ ಮನಸ್ಸಿನ ಕತೆ ಹೇಳುತ್ತದೆ.

ಫಿಲಿಪ್‌ನ ಆ ಕುದುರೆಯ ಹಿಂದೆ ಇನ್ನೊಂದು ಸ್ವಾರಸ್ಯವಿದೆ. ಹಿಂಗಾಲ ಮೇಲೆ ನಿಂತ ಕುದುರೆಯನ್ನು ಅಷ್ಟು ದೊಡ್ಡ ಗಾತ್ರದಲ್ಲಿ ಎರಕ ಹೊಯ್ಯುವುದು ಆಗ ಹೊಸ ಸಾಹಸ. ಅಷ್ಟು ಭಾರವನ್ನು ಎರಡು ತೆಳು ಕಾಲುಗಳು ಹೊರಬೇಕು. ಶಿಲ್ಪಿ ಪಿಯೆತ್ರೊ ತಾಕ್ಕಾ ಹಿಂಭಾಗವನ್ನು ಗಟ್ಟಿಯಾಗಿ, ಮುಂಭಾಗವನ್ನು ಟೊಳ್ಳಾಗಿ ಹೊಯ್ದು, ಬಾಲವನ್ನು ಮೂರನೆಯ ಊರೆಯಾಗಿ ಇಟ್ಟ. ಲೆಕ್ಕಾಚಾರಕ್ಕೆ ಗೆಲಿಲಿಯೊನ ಸಲಹೆ ಸಿಕ್ಕಿತ್ತು ಎನ್ನುತ್ತಾರೆ. ನೋಡುವವರಿಗೆ ಮಾತ್ರ ರಾಜ ಒಂದು ಕೈಯಲ್ಲಿ ಲಗಾಮು ಹಿಡಿದು ಆರಾಮವಾಗಿ ಕೂತಿದ್ದಾನೆ. ಆ ಆರಾಮದ ಭಾರ ಬಾಲದ ಮೇಲೆ ಬಿದ್ದಿದೆ.

ಇದೇ ಭಂಗಿಯನ್ನು ಜಗತ್ತಿಗೆಲ್ಲ ಪರಿಚಯಿಸಿದ್ದು ಜಾಕ್ ಲೂಯಿ ದಾವಿದ್‌ನ ನೆಪೋಲಿಯನ್ ಚಿತ್ರ. ಆಲ್ಪ್ಸ್ ಪರ್ವತ, ಹಾರುವ ಮೇಲಂಗಿ, ಕೆರಳಿದ ಕುದುರೆ, ಮೇಲಕ್ಕೆ ತೋರುವ ಬೆರಳು. ಶಾಲೆಯ ಪುಸ್ತಕದಲ್ಲೋ ಬಿಸ್ಕತ್ತಿನ ಡಬ್ಬಿಯ ಮೇಲೋ ನಾವೆಲ್ಲ ಅದನ್ನು ಕಂಡಿರುತ್ತೇವೆ. ನಿಜಕ್ಕೂ 1800ರ ಮೇ ತಿಂಗಳಲ್ಲಿ ನೆಪೋಲಿಯನ್ ಆ ಕಣಿವೆ ದಾಟಿದ್ದು ಹೇಸರಗತ್ತೆಯ ಮೇಲೆ, ಸೈನ್ಯ ಮುಂದೆ ಹೋದ ಮೇಲೆ. ಅರ್ಧ ಶತಮಾನದ ನಂತರ ದೆಲರೋಷ್ ಎಂಬ ಇನ್ನೊಬ್ಬ ಚಿತ್ರಕಾರ ಅದನ್ನು ಇದ್ದ ಹಾಗೇ ಬರೆದ: ಚಳಿಗೆ ಮುದುಡಿದ ಸವಾರ, ತಲೆ ತಗ್ಗಿಸಿದ ಹೇಸರಗತ್ತೆ, ಪಕ್ಕದಲ್ಲಿ ದಾರಿ ತೋರುವ ಹಳ್ಳಿಯವನು. ದಾವಿದ್ ಪೂರ್ತಿ ಸುಳ್ಳು ಬರೆದ ಎಂದೂ ನಾನು ಹೇಳಲಾರೆ. ಅವನ ಚಿತ್ರದಲ್ಲಿ ಕುದುರೆಯ ಕಾಲುಗಳ ನಡುವಿನ ಸಂದಿಯಲ್ಲಿ ನೋಡಿ. ಇರುವೆಗಳ ಹಾಗೆ ಸಣ್ಣ ಸಣ್ಣ ಸೈನಿಕರು ತೋಪುಗಳನ್ನು ಬೆಟ್ಟಕ್ಕೆ ಎಳೆಯುತ್ತಿದ್ದಾರೆ. ದುಡಿಮೆ ಚಿತ್ರದೊಳಗೇ ಇದೆ. ಅದರ ಗಾತ್ರ ಕುಗ್ಗಿಸಲಾಗಿದೆ, ಅಷ್ಟೆ.

ಸ್ವಾತಂತ್ರ್ಯ ಬಂದ ಮೇಲೆ ನಮ್ಮವರು ಬ್ರಿಟಿಷ್ ರಾಜರನ್ನು ಕುದುರೆಯಿಂದ ಇಳಿಸಿದರು. ಕುದುರೆಯನ್ನು ಬಿಡಲಿಲ್ಲ. 1960ರ ಮೇ 1ಕ್ಕೆ ಮಹಾರಾಷ್ಟ್ರ ರಾಜ್ಯವಾಯಿತು. 1961ರ ಜನವರಿ 26ರಂದು ಗೇಟ್‌ವೇ ಆಫ್ ಇಂಡಿಯಾದ ಎದುರು ಕುದುರೆಯೇರಿದ ಶಿವಾಜಿ ಮಹಾರಾಜರ ಪ್ರತಿಮೆ ಅನಾವರಣಗೊಂಡಿತು. ಐದನೆಯ ಜಾರ್ಜ್ ಬಂದಿಳಿದ ನೆನಪಿಗೆ ಕಟ್ಟಿದ ಹೆಬ್ಬಾಗಿಲ ಎದುರೇ ಅವರನ್ನು ನಿಲ್ಲಿಸಿದ್ದರಲ್ಲಿ ಒಂದು ಉತ್ತರವಿತ್ತು, ಅದು ಸರಿಯಾದ ಉತ್ತರವೂ ಹೌದು. ನಮ್ಮವರು ನಡಿಗೆಯಲ್ಲಿ ಬರುವವರಲ್ಲ, ನಮಗೂ ಕುದುರೆ ಗೊತ್ತು ಎಂದು ಅದೇ ಭಾಷೆಯಲ್ಲಿ ಹೇಳಿದ ಹಾಗೆ. ಇತ್ತ ಶಿವಾಜಿ ಪಾರ್ಕಿನ ಪ್ರತಿಮೆಯಲ್ಲಿ ಅವರ ಕೈಯಲ್ಲಿ ಕತ್ತಿಯಿಲ್ಲ, ಕೈ ಮುಂದಕ್ಕೆ ಚಾಚಿದೆ. ದಾದರಿನಲ್ಲಿ ಅದನ್ನು ನೋಡುವಾಗೆಲ್ಲ ನನಗೆ ರೋಮ್‌ನ ಆ ಚಾಚಿದ ಕೈ ನೆನಪಾಗುತ್ತದೆ. ನೋಡಿದರೆ ಭಯ ಹುಟ್ಟದ, ನಂಬಿಕೆ ಹುಟ್ಟುವ ಕೈ.

ಫ್ಲೋರಾ ಫೌಂಟನ್ನಿನ ಹುತಾತ್ಮಾ ಚೌಕದಲ್ಲಿ ಅದೇ ಕಾಲದ ಇನ್ನೊಂದು ಸ್ಮಾರಕವಿದೆ. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಗುಂಡೇಟಿಗೆ ಬಿದ್ದವರ ನೆನಪಿಗೆ, ಪಂಜು ಹಿಡಿದ ಒಬ್ಬ ರೈತ, ಒಬ್ಬ ಕಾರ್ಮಿಕ. ಇಬ್ಬರೂ ತಮ್ಮ ಕಾಲ ಮೇಲೆ ನಿಂತಿದ್ದಾರೆ. ಕುದುರೆ ನಾಯಕನಿಗೆ, ನೆಲ ಸತ್ತವರಿಗೆ ಎಂಬ ಹಂಚಿಕೆಯನ್ನು ಯಾರೂ ಕೂತು ತೀರ್ಮಾನಿಸಿರಲಾರರು. ಅದು ತಾನಾಗಿಯೇ ಹಾಗೆ ಆಗಿಬಿಡುತ್ತದೆ.

ಕನ್ನಡದ ನೆಲದಲ್ಲೂ ಇದೇ ಆಯಿತು. ಹುಬ್ಬಳ್ಳಿಯಲ್ಲಿ ಕಿತ್ತೂರು ಚೆನ್ನಮ್ಮ, ಬೆಂಗಳೂರಿನ ರೈಲು ನಿಲ್ದಾಣದ ಬಳಿ ಸಂಗೊಳ್ಳಿ ರಾಯಣ್ಣ, ಬಸವೇಶ್ವರ ವೃತ್ತದಲ್ಲಿ ಬಸವಣ್ಣ, ಎಲ್ಲರೂ ಕುದುರೆಯ ಮೇಲಿದ್ದಾರೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ ಕುದುರೆ ಏರಿರಲಾರರು ಎಂದು ವಾದಿಸುವುದಿಲ್ಲ. ಆದರೆ ಸ್ಥಾವರ, ಜಂಗಮಗಳ ಭೇದವನ್ನು ನಮಗೆ ಕಲಿಸಿದವರನ್ನೇ ಕಂಚಿನಲ್ಲಿ ಹೊಯ್ದು ಟ್ರಾಫಿಕ್ಕಿನ ನಡುವೆ ಸ್ಥಾವರ ಮಾಡಿದ್ದನ್ನು ನೋಡಿದಾಗ, ಈ ಯುರೋಪಿನ ಅಚ್ಚು ಎಷ್ಟು ಬಲವಾದದ್ದು ಎನ್ನಿಸುತ್ತದೆ. ಯಾರನ್ನು ಹೊಯ್ದರೂ ದಂಡನಾಯಕನೇ ಹೊರಗೆ ಬರುತ್ತಾನೆ.

ಇದು ಬರೀ ಕಲೆಯ ಮಾತಾಗಿ ಉಳಿಯದೆ ಮನೆಯೊಳಗೆ ಬಂದದ್ದು 2021ರ ಡಿಸೆಂಬರಿನಲ್ಲಿ. ಬೆಂಗಳೂರಿನ ಸದಾಶಿವನಗರದಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಳಿದರು. ಅದರ ಬೆನ್ನಿಗೇ ಬೆಳಗಾವಿಯಲ್ಲಿ ರಾಯಣ್ಣನ ಪ್ರತಿಮೆಯನ್ನು ಭಗ್ನಗೊಳಿಸಿದರು. ಅಲ್ಲಿ ವಿಧಾನಮಂಡಲದ ಅಧಿವೇಶನ ನಡೆಯುತ್ತಿದ್ದ ದಿನಗಳು. ಊರಿನ ಗುಂಪಿನಲ್ಲಿ ಒಂದು ಬಗೆಯ ಸಂದೇಶ, ಸೊಸೈಟಿಯ ಗುಂಪಿನಲ್ಲಿ ಇನ್ನೊಂದು ಬಗೆಯ ಸಂದೇಶ. ಎರಡನ್ನೂ ಒಂದೇ ಫೋನಿನಲ್ಲಿ ಓದುವ ಯೋಗ ಹೊರನಾಡ ಕನ್ನಡಿಗರದು. ಲಿಫ್ಟಿನಲ್ಲಿ ನೆರೆಯವರು ಎಂದಿನಂತೆ ನಕ್ಕರೂ ಆ ನಗುವನ್ನು ಎರಡು ಸಲ ನೋಡುವ ಹಾಗಾಗಿತ್ತು.

ಆ ವರ್ಷ ನನ್ನ ಮಗಳು ನಾಲ್ಕನೆಯ ತರಗತಿ. ಮಹಾರಾಷ್ಟ್ರದಲ್ಲಿ ಓದಿದವರಿಗೆ ಗೊತ್ತು, ನಾಲ್ಕನೆಯ ತರಗತಿಯ ಇತಿಹಾಸವೆಂದರೆ ಶಿವಾಜಿ ಮಹಾರಾಜರ ಜೀವನ. ಅವಳಿಗೆ ಕೋಟೆಗಳ ಹೆಸರೆಲ್ಲ ಬಾಯಿಪಾಠ. ಟಿ.ವಿ.ಯಲ್ಲಿ ಮಸಿ ಬಳಿದ ಪ್ರತಿಮೆ ನೋಡಿ ‘ಅಪ್ಪಾ, ನಾವು ಯಾರ ಕಡೆ?’ ಎಂದು ಕೇಳಿದಳು.

ಆಗ ಅವಳಿಗೆ ಹೇಳಿದ್ದು ಬೆಳವಡಿ ಮಲ್ಲಮ್ಮನ ಕತೆ. ದಕ್ಷಿಣದ ದಂಡಯಾತ್ರೆ ಮುಗಿಸಿ ಮರಾಠಾ ಸೈನ್ಯ ಮರಳುವಾಗ, 1678ರ ಸುಮಾರಿಗೆ, ಬೆಳವಡಿ ಸಂಸ್ಥಾನದೊಡನೆ ಜಗಳವಾಯಿತು. ಗಂಡ ಈಶಪ್ರಭು ಹೋರಾಟದಲ್ಲಿ ಸತ್ತ ಮೇಲೆ ಮಲ್ಲಮ್ಮ ತಾನೇ ನಿಂತು ಕಾದಾಡಿದಳು. ಕೊನೆಗೆ ಶಿವಾಜಿ ಮಹಾರಾಜರು ಅವಳನ್ನು ಗೌರವದಿಂದ ಕಂಡು ಸಂಸ್ಥಾನ ಹಿಂದಿರುಗಿಸಿದರು ಎಂಬುದು ಆ ಸೀಮೆಯ ಜನ ಹೇಳಿಕೊಂಡು ಬಂದ ಮಾತು. ಅದರ ನೆನಪಿಗೆ ಮಲ್ಲಮ್ಮ ಕಲ್ಲು ಕೆತ್ತಿಸಿ ನಿಲ್ಲಿಸಿದಳಂತೆ. ಅಂಥದೊಂದು ಧಾರವಾಡದ ಹತ್ತಿರದ ಯಾದವಾಡದಲ್ಲಿ ಇಂದಿಗೂ ಇದೆ. ಒಂದೇ ಕಲ್ಲಿನಲ್ಲಿ ಎರಡು ಚಿತ್ರ. ಒಂದರಲ್ಲಿ ಶಿವಾಜಿ ಕುದುರೆಯ ಮೇಲೆ, ಜೊತೆಗೆ ಪರಿವಾರ. ಇನ್ನೊಂದರಲ್ಲಿ ನೆಲಕ್ಕಿಳಿದು ಕೂತಿದ್ದಾರೆ, ತೊಡೆಯ ಮೇಲೆ ಮಲ್ಲಮ್ಮನ ಮಗು, ಕೈಯಲ್ಲಿ ಹಾಲಿನ ಬಟ್ಟಲು.

ಸೋತವಳು ಗೆದ್ದವನ ಚಿತ್ರ ಮಾಡಿಸಿದ ಉದಾಹರಣೆ ಇತಿಹಾಸದಲ್ಲಿ ಬಹಳವಿಲ್ಲ. ಅವಳು ಕುದುರೆಯನ್ನು ಅಲ್ಲಗಳೆಯಲಿಲ್ಲ, ಅದೂ ಇರಲಿ ಎಂದಳು. ಜೊತೆಗೆ ತೊಡೆಯನ್ನೂ ಕೆತ್ತಿಸಿದಳು. ಯುರೋಪಿನ ಅಶ್ವಾರೂಢ ಪ್ರತಿಮೆಗಳ ಸಾಲಿನಲ್ಲಿ ನಾನು ಕಾಣದೇ ಇದ್ದದ್ದು ಇದು, ಸವಾರ ಕುದುರೆಯಿಂದ ಇಳಿದ ಮೇಲೆ ಏನು ಮಾಡಿದ ಎಂಬ ಎರಡನೆಯ ಚಿತ್ರ. ನಮ್ಮ ವೀರಗಲ್ಲುಗಳಲ್ಲಿ ಆ ಅಭ್ಯಾಸ ಮೊದಲಿನಿಂದ ಇತ್ತು. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲಿನ ಹಂತದಲ್ಲಿ ಲಿಂಗದ ಎದುರು ಸುಮ್ಮನೆ ಕೂತ ವೀರ. ಅಲ್ಲಿ ಕುದುರೆ ಇಲ್ಲ. ಊರಿನ ದನ ಬಿಡಿಸಲು ಹೋಗಿ ಸತ್ತ ಸಾಮಾನ್ಯನಿಗೂ ಇಂಥ ಕಲ್ಲು ಸಿಗುತ್ತಿತ್ತು.

ಮಗಳು ಕತೆ ಕೇಳಿ ‘ಆ ಮಗು ಅಳ್ತಿರಲಿಲ್ವಾ?’ ಎಂದಳು. ಯಾರ ಕಡೆ ಎಂಬ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ಶಿವಾಜಿಯ ತಂದೆ ಶಹಾಜಿಯ ಕತೆಯೂ ಕನ್ನಡದ ನೆಲದಲ್ಲೇ ಮುಗಿಯಿತು. ಬೆಂಗಳೂರನ್ನು ಜಹಗೀರಾಗಿ ಆಳಿದ ಶಹಾಜಿ 1664ರಲ್ಲಿ ಚನ್ನಗಿರಿಯ ಬಳಿಯ ಹೊದಿಗೆರೆಯಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ತೀರಿಕೊಂಡರು. ಅವರ ಸರಳ ಸಮಾಧಿ ಅಲ್ಲೇ ಇದೆ. ಎಷ್ಟೋ ಯುದ್ಧಗಳನ್ನು ಕಂಡ ಸವಾರನನ್ನು ಕೊನೆಗೆ ಕೆಡವಿದ್ದು ಅವರದೇ ಕುದುರೆ. ಕುದುರೆ ಕಂಚಲ್ಲ, ಅದಕ್ಕೂ ಬೆದರಿಕೆ ಇದೆ, ಅದಕ್ಕೂ ಎಡವುವ ಕಾಲಿದೆ ಎಂಬ ಸರಳ ಸತ್ಯವನ್ನು ಚೌಕಗಳ ಪ್ರತಿಮೆಗಳು ಮರೆಸುತ್ತವೆ.

ಬಿದ್ದ ಸವಾರನನ್ನು ಯುರೋಪಿನವರು ಚಿತ್ರಿಸಲೇ ಇಲ್ಲ ಎನ್ನುವಂತಿಲ್ಲ. ರೋಮ್‌ನ ಸಾಂತಾ ಮರಿಯಾ ದೆಲ್ ಪೊಪೊಲೊ ಇಗರ್ಜಿಯಲ್ಲಿ 1601ರ ಸುಮಾರಿಗೆ ಕರವಾಜ್ಜೊ ಬರೆದ ಚಿತ್ರವೊಂದಿದೆ. ಸಂತ ಪೌಲನ ಮನಪರಿವರ್ತನೆಯ ಗಳಿಗೆ. ಪೌಲ ಕುದುರೆಯಿಂದ ಬಿದ್ದು, ಎರಡೂ ಕೈ ಮೇಲೆತ್ತಿ, ನೆಲದ ಮೇಲೆ ಅಂಗಾತ ಮಲಗಿದ್ದಾನೆ. ಚಿತ್ರದ ಮುಕ್ಕಾಲು ಪಾಲು ತುಂಬಿರುವುದು ಕುದುರೆ. ಅದು ಬಿದ್ದವನನ್ನು ತುಳಿಯದ ಹಾಗೆ ಒಂದು ಕಾಲೆತ್ತಿದೆ. ಅದರ ತಲೆಯ ಬಳಿ ಕತ್ತಲಲ್ಲಿ ಬೋಳುತಲೆಯ, ಸುಕ್ಕುಹಣೆಯ ಕುದುರೆ ಆಳೊಬ್ಬ ನಿಂತಿದ್ದಾನೆ. ದೇವರ ಬೆಳಕು ಬಿದ್ದದ್ದಾಗಲಿ, ಧರ್ಮದ ಚರಿತ್ರೆ ಬದಲಾದದ್ದಾಗಲಿ ಅವನಿಗೆ ತಿಳಿದ ಹಾಗಿಲ್ಲ. ಕುದುರೆ ಬೆದರದಂತೆ ಅದನ್ನು ಹಿಡಿದುಕೊಂಡಿದ್ದಾನೆ. ಇಲ್ಲಿ ಲಗಾಮು ಇರುವುದು ಅವನ ಕೈಯಲ್ಲಿ.

ಹಂಪಿಯ ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲೂ ಅಂಥವರಿದ್ದಾರೆ. ಸಮುದ್ರದಾಚೆಯಿಂದ ಬಂದ ಕುದುರೆಗಳಿಲ್ಲದೆ ವಿಜಯನಗರದ ಸೈನ್ಯವಿರಲಿಲ್ಲ. ಆ ಕುದುರೆಗಳನ್ನು ಕರೆತಂದ, ಟೋಪಿ ತೊಟ್ಟ ಪರದೇಶಿ ವರ್ತಕರು ಅವುಗಳ ಪಕ್ಕದಲ್ಲಿ ನಡೆಯುತ್ತಿರುವುದನ್ನು ಶಿಲ್ಪಿಗಳು ಮರೆಯದೆ ಕೆತ್ತಿದ್ದಾರೆ. ಕುದುರೆಯ ಬೆನ್ನು ಖಾಲಿ, ಪಕ್ಕದಲ್ಲಿ ನಡೆಯುವ ಮನುಷ್ಯ. ಹೊಟ್ಟೆಪಾಡಿಗಾಗಿ ದೂರದ ಊರಿಗೆ ಬಂದವರು ಅವರೂ.

ಈಗ ಕಾಲಾ ಘೋಡಾದಲ್ಲಿ ಮತ್ತೆ ಕುದುರೆ ನಿಂತಿದೆ. 2017ರಲ್ಲಿ ನಿಲ್ಲಿಸಿದ ಹೊಸ ಪ್ರತಿಮೆ. ವಿನ್ಯಾಸ ವಾಸ್ತುಶಿಲ್ಪಿ ಅಲ್ಫಾಜ್ ಮಿಲ್ಲರ್ ಅವರದು, ಶಿಲ್ಪಿ ಶ್ರೀಹರಿ ಭೋಸಲೆ. ಕಟ್ಟೆಯೂ ಸೇರಿ ಸುಮಾರು 25 ಅಡಿ ಎತ್ತರ. ಸವಾರನಿಲ್ಲ. ಜನ ಇಟ್ಟ ಹೆಸರನ್ನು ಮಾಡಿಸಿದವರು ಗೌರವಿಸಿದ್ದಾರೆ, ಅದು ಸಂತೋಷ. ಆದರೂ ಅದನ್ನು ಬಿಡುಗಡೆಯ ಸಂಕೇತ ಎಂದು ಹೊಗಳುವಾಗ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಖಾಲಿ ಬೆನ್ನು ಕಂಡರೆ ಯಾರನ್ನು ಹತ್ತಿಸೋಣ ಎಂದು ಕೇಳುವವರು ಈ ದೇಶದಲ್ಲಿ ಯಾವತ್ತೂ ಇರುತ್ತಾರೆ. ಅದಕ್ಕಿಂತ ದೊಡ್ಡ ಕೊರತೆಯೂ ಒಂದಿದೆ. ಸವಾರನನ್ನು ತೆಗೆಯುವ ಭರದಲ್ಲಿ ಕುದುರೆಗೆ ಮೇವು ಹಾಕುವವನನ್ನೂ ಕೆತ್ತದೆ ಬಿಟ್ಟಿದ್ದೇವೆ.

ಹಳೆಯ ಪ್ರತಿಮೆ ಬೈಕುಲ್ಲಾದಲ್ಲಿದೆ. ಅದೇ ಆವರಣದಲ್ಲಿ, ಭಾವು ದಾಜಿ ಲಾಡ್ ಸಂಗ್ರಹಾಲಯದ ಮುಂದೆ, ಘಾರಾಪುರಿಯಿಂದ ತಂದ ಕಲ್ಲಿನ ಆನೆಯೂ ಇದೆ. ಪೋರ್ಚುಗೀಸರು ಆ ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟದ್ದು ಆ ಆನೆಯನ್ನು ಕಂಡೇ. ಒಂದು ದ್ವೀಪಕ್ಕೆ ಹೆಸರು ಕೊಟ್ಟ ಆನೆ, ಒಂದು ಚೌಕಕ್ಕೆ ಹೆಸರು ಕೊಟ್ಟ ಕುದುರೆ, ಎರಡೂ ತಮ್ಮ ಜಾಗ ಬಿಟ್ಟು ಬಂದು ಒಂದೇ ತೋಟದಲ್ಲಿವೆ. ಪೆಂಗ್ವಿನ್ ನೋಡಲು ಬಂದ ಮಕ್ಕಳು ಅವುಗಳ ಪಕ್ಕದಲ್ಲೇ ಓಡುತ್ತಾರೆ. ರಾಜಕುಮಾರ ಈಗಲೂ ಸೈನ್ಯದ ಸಮವಸ್ತ್ರದಲ್ಲಿ ನೆಟ್ಟಗೆ ಕೂತಿದ್ದಾರೆ.

ಈ ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವಾಗ ಧಾರವಾಡದಲ್ಲಿ ಇಳಿದು ಯಾದವಾಡಕ್ಕೆ, ಅಲ್ಲಿಂದ ಮುಂದೆ ಹೊದಿಗೆರೆಗೆ ಹೋಗುವುದೆಂದು ಮಗಳೂ ನಾನೂ ಮಾತಾಡಿಕೊಂಡಿದ್ದೇವೆ. ಒಂದು ಕಡೆ ತೊಡೆಯ ಮೇಲೆ ಮಗು ಕೂರಿಸಿಕೊಂಡ ರಾಜ, ಇನ್ನೊಂದು ಕಡೆ ಕುದುರೆಯಿಂದ ಬಿದ್ದ ಅವರ ಅಪ್ಪ. ಎರಡು ಕಡೆಯೂ ಕಂಚಿಲ್ಲ, ಎತ್ತರದ ಕಟ್ಟೆಯಿಲ್ಲ. ಕತ್ತೆತ್ತದೆ ನೋಡಬಹುದು.